ಸಂದರ್ಶನದ ಬಾಗಿಲವರೆಗೆ ಜೊತೆಯಾಗಿ

ಮೈಸೂರಿನ ಒಂದು ಚಿಕ್ಕ ತರಬೇತಿ ಕೇಂದ್ರದಲ್ಲಿ ನಾನು ಉದ್ಯೋಗ ವಿಭಾಗ ನೋಡಿಕೊಳ್ಳುತ್ತೇನೆ. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ನಮ್ಮಲ್ಲಿಗೆ ಕಂಪ್ಯೂಟರ್, ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ, ಇಂಗ್ಲಿಷ್ ಕಲಿಯಲು ಬರುತ್ತಾರೆ. ಕಲಿಕೆ ಮುಗಿಸಿ ನನ್ನ ಮೇಜಿನ ಮುಂದೆ ಕೂರುತ್ತಾರೆ. ಪ್ರಕಟಣೆ ಓದುವುದರಿಂದ ಹಿಡಿದು ನೇಮಕಾತಿ ಪತ್ರ ಕೈಗೆ ಬರುವವರೆಗೆ ಅವರ ಜೊತೆಗಿರುವುದು ನನ್ನ ಕೆಲಸ. ವರ್ಷಗಟ್ಟಲೆ ಇದನ್ನು ಮಾಡಿದ ಮೇಲೆ ನನಗೆ ಖಚಿತವಾಗಿರುವ ಮಾತೊಂದಿದೆ. ಇವರಲ್ಲಿ ಅನೇಕರು ಸಂದರ್ಶನದವರೆಗೆ ತಲುಪುವುದೇ ಇಲ್ಲ. ಅವರಿಗೆ ಕೆಲಸ ಗೊತ್ತಿದೆಯೇ ಇಲ್ಲವೇ ಎಂದು ಯಾರಾದರೂ ನೋಡುವ ಮೊದಲೇ ಅರ್ಜಿಯ ಯಾವುದೋ ಖಾನೆಯಲ್ಲಿ, ಎತ್ತಲಾಗದ ಒಂದು ಫೋನ್ ಕರೆಯಲ್ಲಿ, ಪರೀಕ್ಷಾ ಕೇಂದ್ರದ ಮೆಟ್ಟಿಲ ಬುಡದಲ್ಲಿ ಅವರು ಹೊರಗುಳಿಯುತ್ತಾರೆ. ಆ ಜಾಗಗಳಲ್ಲಿ ಏನು ನಡೆಯುತ್ತದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಕಾಗದಪತ್ರ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ವೈದ್ಯಕೀಯ ಮಂಡಳಿ ಕೊಟ್ಟ ಅಂಗವೈಕಲ್ಯ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಬೇಕು. ಇರುವುದಿಲ್ಲ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರ ಹೆಸರೂ ಸೇರಿಕೊಂಡಿರುತ್ತದೆ. ಚಿಕ್ಕವರಿದ್ದಾಗ ಮಾಡಿಸಿದ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಅರ್ಜಿ ಹಾಕುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆ ಪಾಸಾಗಿ ದಾಖಲೆ ಪರಿಶೀಲನೆಗೆ ಹೋದ ದಿನ ಬೀಳುತ್ತದೆ. ಅದಕ್ಕೇ ನಮ್ಮಲ್ಲಿಗೆ ಬಂದವರಿಗೆ ಮೊದಲ ವಾರವೇ ಕಡತ ತೆರೆಸುತ್ತೇನೆ. ಈ ಹಂತದಲ್ಲಿ ನನಗೆ ದೊಡ್ಡ ಆಸರೆ ಎಂದರೆ ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರ ಮೇಲೆ ತಾಲ್ಲೂಕಿನಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಗೌರವಧನಕ್ಕೆ ದುಡಿಯುವ ಇವರಲ್ಲಿ ಬಹುಪಾಲು ಮಂದಿ ಸ್ವತಃ ಅಂಗವಿಕಲರು. ಯಾವ ವಾರ ಯಾವ ಆಸ್ಪತ್ರೆಯಲ್ಲಿ ಮಂಡಳಿ ಕೂರುತ್ತದೆ, ಯಾವ ತಜ್ಞರು ರಜೆಯಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ಇದಾದ ಮೇಲೆ ಪ್ರಕಟಣೆ. 1995ರ ಕಾಯ್ದೆಯಲ್ಲಿ ಶೇಕಡಾ 3ರಷ್ಟಿದ್ದ ಸರ್ಕಾರಿ ಹುದ್ದೆಗಳ ಮೀಸಲಾತಿಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕನಿಷ್ಠ ಶೇಕಡಾ 4ಕ್ಕೆ ಏರಿಸಿತು. ಅಂಗವೈಕಲ್ಯಗಳ ಪಟ್ಟಿಯೂ 7ರಿಂದ 21ಕ್ಕೆ ಹಿಗ್ಗಿತು. ಕೇಳಲು ಸರಳ. ಆದರೆ ಪ್ರತಿ ಹುದ್ದೆಯ ಮುಂದೆ ಯಾವ ಬಗೆಯ ಅಂಗವೈಕಲ್ಯ ಇರುವವರು ಅರ್ಹರು, ಆ ಹುದ್ದೆಗೆ ಕೂರುವುದು, ನಿಲ್ಲುವುದು, ಬಾಗುವುದು, ನೋಡುವುದು, ಕೇಳುವುದು ಇವುಗಳಲ್ಲಿ ಯಾವುದು ಬೇಕು ಎಂದು ಒಂದೆರಡು ಅಕ್ಷರಗಳ ಸಂಕೇತದಲ್ಲಿ ಕೊಟ್ಟಿರುತ್ತಾರೆ. ಆ ಕೋಷ್ಟಕವನ್ನು ಸರಿಯಾಗಿ ಓದದೆ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಓದಿದ್ದು ನೀರುಪಾಲು. ನಾನು ಅದನ್ನು ಅಭ್ಯರ್ಥಿಯ ಪಕ್ಕದಲ್ಲೇ ಕೂತು, ಸಾಲು ಸಾಲಾಗಿ ಓದಿಸುತ್ತೇನೆ. ಓದಿ ಹೇಳಿಬಿಡುವುದು ಸುಲಭ. ಆದರೆ ಮುಂದಿನ ಪ್ರಕಟಣೆಯನ್ನು ಅವರೇ ಓದಬೇಕಲ್ಲ!

ನಂಜನಗೂಡು ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹುಟ್ಟಿನಿಂದ ದೃಷ್ಟಿ ಇಲ್ಲ. ಬಿ.ಎ. ಮುಗಿಸಿದ್ದಾನೆ, ಬ್ಯಾಂಕ್ ಗುಮಾಸ್ತನ ಹುದ್ದೆಗೆ ಓದುತ್ತಿದ್ದಾನೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನೆಲ್ಲ ಅವನಿಗೆ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಕಟ್ಟಲು ಶುರುಮಾಡಿದ ತಂತ್ರಾಂಶ ಅದು. ಅವನು ಅದನ್ನು ಓಡಿಸುವ ವೇಗಕ್ಕೆ ನನ್ನ ಕಿವಿಗೆ ಒಂದು ಪದವೂ ಹಿಡಿಯುವುದಿಲ್ಲ. ಅಷ್ಟು ಚುರುಕಿನ ಹುಡುಗ, ಒಂದು ಕಚೇರಿಯ ಕನ್ನಡ ಪ್ರಕಟಣೆಯ ಪಿಡಿಎಫ್ ತೆರೆದು ಸುಮ್ಮನೆ ಕುಳಿತ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ್ದರು. ತಂತ್ರಾಂಶದ ಪಾಲಿಗೆ ಅದು ಬರೀ ಚಿತ್ರ, ಒಂದಕ್ಷರವೂ ಇಲ್ಲ. ಇನ್ನೊಂದು ಪ್ರಕಟಣೆಯಲ್ಲಿ ಅಕ್ಷರಗಳೇನೋ ಇದ್ದವು, ಆದರೆ ಹಳೆಯ ಫಾಂಟಿನವು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಒಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ತಂತ್ರಾಂಶ ಅದನ್ನು ನಿಷ್ಠೆಯಿಂದ ಹಾಗೆಯೇ ಓದುತ್ತದೆ, ಕೇಳುವವನಿಗೆ ತಲೆಬುಡ ತಿಳಿಯುವುದಿಲ್ಲ. ಎಲ್ಲ ಗಣಕಗಳೂ ಗುರುತಿಸುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಿ, ಸ್ಕ್ಯಾನ್ ಮಾಡದೆ ಹಾಗೇ ಹಾಕಿದ್ದರೆ ಯಾರ ಸಹಾಯವೂ ಇಲ್ಲದೆ ಅವನು ಓದಿಕೊಳ್ಳುತ್ತಿದ್ದ. ಕಚೇರಿಗಳಿಗೆ ಇದಕ್ಕಾಗಿ ಹೊಸ ಖರ್ಚೇನೂ ಬೇಕಿಲ್ಲ. ಬರೆದು ಕೇಳುತ್ತಲೇ ಇದ್ದೇವೆ, ಕೆಲವರು ಬದಲಿಸಿಕೊಂಡಿದ್ದಾರೆ.

ಅರ್ಜಿ ತುಂಬುವಾಗ ಇನ್ನೊಂದು ಬಗೆಯ ತೊಡಕು. ಜನ್ಮದಿನಾಂಕವನ್ನು ಟೈಪ್ ಮಾಡಲು ಬಿಡದೆ ಮೌಸ್‌ನಲ್ಲೇ ಒತ್ತಿಸುವ ಕ್ಯಾಲೆಂಡರ್. ಸೊಟ್ಟ ಅಕ್ಷರಗಳ ಚಿತ್ರ ನೋಡಿ ಬರೆಯಬೇಕಾದ ಕ್ಯಾಪ್ಚಾ. ನಿಧಾನವಾಗಿ ಕೇಳಿಸಿಕೊಂಡು ತುಂಬುವಷ್ಟರಲ್ಲಿ ಅವಧಿ ಮುಗಿದು ಮೊದಲ ಪುಟಕ್ಕೇ ತಳ್ಳುವ ಜಾಲತಾಣ. ಬ್ಯಾಂಕ್ ಪರೀಕ್ಷೆಗಳ ಅರ್ಜಿಗೆ ಅಭ್ಯರ್ಥಿ ಸ್ವಂತ ಕೈಬರಹದಲ್ಲಿ ಒಂದು ಘೋಷಣೆ ಬರೆದು ಅಪ್‌ಲೋಡ್ ಮಾಡಬೇಕು. ಬರೆಯಲಾಗದ ದೃಷ್ಟಿಹೀನರು ಅದನ್ನು ಟೈಪ್ ಮಾಡಿಸಿ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಬಹುದು ಎಂಬ ಅವಕಾಶ ಸೂಚನೆಗಳಲ್ಲೇ ಇದೆ. ಸೈಬರ್ ಕೇಂದ್ರಗಳಲ್ಲಿ ಇದು ಅನೇಕರಿಗೆ ತಿಳಿಯದು. ಪಕ್ಕದಲ್ಲಿದ್ದವರ ಕೈಲಿ ಬರೆಸಿ ಕಳಿಸಿಬಿಡುತ್ತಾರೆ, ಆಮೇಲೆ ಕೈಬರಹ ತಾಳೆಯಾಗುವುದಿಲ್ಲ.

ಸಹಿಯನ್ನು ಮಾತ್ರ ನಂಜನಗೂಡಿನ ಹುಡುಗ ತಾನೇ ಹಾಕಬೇಕೆಂದು ಹಟ ಹಿಡಿದ. ಅದಕ್ಕೆ ನಮ್ಮಲ್ಲೊಂದು ಸಾಧನವಿದೆ. ದಪ್ಪ ರಟ್ಟಿನ ತುಂಡಿನ ನಡುವೆ ಸಹಿಯ ಅಳತೆಗೆ ಆಯತಾಕಾರದ ಕಂಡಿ ಕತ್ತರಿಸಿರುತ್ತೇವೆ. ಎಡಗೈಯ ಹೆಬ್ಬೆರಳು ಕಂಡಿಯ ಶುರುವಿನಲ್ಲಿ, ತೋರುಬೆರಳು ಕೊನೆಯಲ್ಲಿ. ಬಲಗೈಯ ಪೆನ್ನು ಆ ಎರಡರ ನಡುವೆ, ಕೆಳಗಿನ ಅಂಚಿಗೆ ತಾಗಿಕೊಂಡು ಸಾಗಬೇಕು. ಮೊದಲು ಸಿಮೆಂಟ್ ನೆಲದ ಮೇಲೆ ಬೆರಳಿನಿಂದ ಅಕ್ಷರದ ಆಕಾರ ತಿದ್ದಿದ, ಆಮೇಲೆ ಕಾಗದದ ಮೇಲೆ. ಹಾಳೆಗಟ್ಟಲೆ ತಿದ್ದಿ ಮೂರಕ್ಷರದ ಒಂದು ಸಹಿ ಅವನ ಕೈಗೆ ಒಗ್ಗಿತು. ಈಗ ಪಾಸ್‌ಬುಕ್‌ನಲ್ಲೂ ಅದೇ ಸಹಿ.

ಪರೀಕ್ಷೆ ಬರೆಯಲು ಸ್ಕ್ರೈಬ್ ಬೇಕು, ಅಂದರೆ ಪ್ರಶ್ನೆ ಓದಿ ಹೇಳಿ, ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆಯುವ ಸಹಾಯಕರು. ಅಭ್ಯರ್ಥಿ ತನ್ನವರನ್ನೇ ಕರೆದೊಯ್ಯುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತು. ಅಂದರೆ ಪದವೀಧರನಿಗೆ ಪಿಯುಸಿಯ ಹುಡುಗನೋ ಹುಡುಗಿಯೋ ಬೇಕು. ಪಿಯು ಕಾಲೇಜುಗಳಿಗೆ ಹೋಗಿ ತರಗತಿ ತರಗತಿಯಲ್ಲಿ ಕೇಳುತ್ತೇವೆ. ಮಕ್ಕಳು ಒಪ್ಪುತ್ತಾರೆ, ಮನೆಯವರು ಒಪ್ಪುವುದು ಕಷ್ಟ. ಭಾನುವಾರ ಬೆಳಿಗ್ಗೆ ಊರಾಚೆಯ ಕೇಂದ್ರಕ್ಕೆ ಮಗಳನ್ನು ಕಳಿಸಬೇಕಲ್ಲ ಎಂಬ ಅವರ ಆತಂಕ ನ್ಯಾಯವಾದದ್ದೇ. ಹಾಗಾಗಿ ತಂದೆತಾಯಿಯನ್ನು ಮೊದಲು ಭೇಟಿಯಾಗಿ, ಹೋಗಿಬರುವ ಆಟೊ ವ್ಯವಸ್ಥೆಯನ್ನು ನಾವೇ ಮಾಡುತ್ತೇವೆ. ಈ ಹುಡುಗನಿಗೆ ಸಿಕ್ಕಿದವಳು ವಾಣಿಜ್ಯ ಓದುತ್ತಿದ್ದ ಹುಡುಗಿ. ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು, ಆದರೆ ಅಭ್ಯಾಸದ ಹೊತ್ತಿನಲ್ಲಿ ಅವನ ಮಾತಿನಂತೆ ನಡೆಯುತ್ತಿದ್ದಳು.

ಓದಿ ಹೇಳುವುದು ಸಣ್ಣ ವಿದ್ಯೆಯಲ್ಲ. ಅಂಕಿಗಳ ಕೋಷ್ಟಕವನ್ನು ಮೇಲಿನಿಂದ ಕೆಳಗೆ ಗಡಗಡ ಓದಿದರೆ ಕೇಳುವವನ ತಲೆಯಲ್ಲಿ ಒಂದೂ ನಿಲ್ಲದು. ಮೊದಲು ಎಷ್ಟು ಸಾಲು, ಎಷ್ಟು ಕಲಂ. ಆಮೇಲೆ ಪ್ರತಿಯೊಂದರ ಶೀರ್ಷಿಕೆ. ಅಲ್ಲಿಗೆ ನಿಲ್ಲಿಸಬೇಕು. ಅವನು ಪ್ರಶ್ನೆ ಕೇಳಿಸಿಕೊಂಡು, "ಮೂರನೇ ಸಾಲು, ಎರಡನೇ ಕಲಂ ಹೇಳು" ಎನ್ನುತ್ತಾನೆ, ಅಷ್ಟನ್ನೇ ಹೇಳಬೇಕು. ನಾಲ್ಕು ಆಯ್ಕೆಗಳನ್ನು ಒಂದೇ ದನಿಯಲ್ಲಿ ಓದಬೇಕು. ಸರಿ ಉತ್ತರ ಗೊತ್ತಿದ್ದವರ ದನಿ ಅಲ್ಲಿಗೆ ಬಂದಾಗ ತಾನಾಗಿಯೇ ಏರುತ್ತದೆ. ಆ ಹುಡುಗಿಗೂ ಹಾಗೇ ಆಗುತ್ತಿತ್ತು. ಅವನೇ ತಿದ್ದಿದ: "ನಿನ್ನ ದನಿ ಕೇಳಿ ಉತ್ತರ ಬರೆಸುವುದು ನನಗೆ ಬೇಡಮ್ಮ. ಎಲ್ಲವನ್ನೂ ಒಂದೇ ಸಮ ಓದು." ಸ್ಕ್ರೈಬ್ ಕೊಟ್ಟರೆ ಮೋಸಕ್ಕೆ ದಾರಿ ಎಂದು ಸಂಶಯಪಡುವ ಮೇಲ್ವಿಚಾರಕರು ಈ ಅಭ್ಯಾಸವನ್ನು ಒಮ್ಮೆ ಬಂದು ನೋಡಬೇಕೆಂದು ನನ್ನ ಆಸೆ.

ಪರೀಕ್ಷೆಯ ದಿನ ಹೊಸಬರೊಬ್ಬರು ಮೇಲ್ವಿಚಾರಕರಾಗಿದ್ದರು. ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ ನಿಯಮ ಅವರಿಗೆ ಗೊತ್ತಿರಲಿಲ್ಲ. ನಾನು ಗೇಟಿನ ಹೊರಗಿದ್ದೆ, ಒಳಗೆ ಬಿಡುವುದಿಲ್ಲ. ಹುಡುಗ ಪರೀಕ್ಷೆ ಶುರುವಾಗುವ ಮೊದಲೇ ಪ್ರವೇಶಪತ್ರದ ಜೊತೆಗಿದ್ದ ಸೂಚನೆಯ ಪುಟ ಸಂಖ್ಯೆ ಹೇಳಿ, ದಯವಿಟ್ಟು ಗಣಕದಲ್ಲಿ ನನ್ನ ಸಮಯ ಸರಿಪಡಿಸಿ ಎಂದು ಕೇಳಿದನಂತೆ. ಕೇಂದ್ರದ ಮುಖ್ಯಸ್ಥರು ಬಂದು ನೋಡಿ ಸರಿಪಡಿಸಿದರು. ನಮ್ಮಲ್ಲಿ ಈ ಸಂಭಾಷಣೆಯನ್ನು ಮೊದಲೇ ಅಭ್ಯಾಸ ಮಾಡಿಸುತ್ತೇವೆ. ನಿಯಮ ಯಾವ ಪುಟದಲ್ಲಿದೆ, ಯಾರನ್ನು ಕೇಳಬೇಕು, ಜಗಳಕ್ಕೆ ಹೋಗದೆ ಆದರೆ ಹಿಂಜರಿಯದೆ ಹೇಗೆ ಹೇಳಬೇಕು. ಗಣಿತದಷ್ಟೇ ಮುಖ್ಯವಾದ ಪಾಠ ಇದು ಎಂದು ನಾನು ನಂಬುತ್ತೇನೆ.

ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಎಂದು ಪ್ರಮಾಣಪತ್ರದಲ್ಲಿ ಬರೆದಿದ್ದರೆ ಸ್ಕ್ರೈಬ್ ಇಲ್ಲ ಎಂದು ಹಿಂದೆ ವಾಪಸ್ ಕಳಿಸುತ್ತಿದ್ದರು. ಕೈ ನಡುಗುವ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುವ ಅಭ್ಯರ್ಥಿಗಳು ಇದರಿಂದ ಬಹಳ ನೊಂದರು. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಕ್ರೈಬ್ ಸೌಲಭ್ಯವನ್ನು ಶೇಕಡಾ 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂದಿತು. ಮರುವರ್ಷ ಅದಕ್ಕೆ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ತೀರ್ಪಿನ ಆ ಭಾಗದ ಪ್ರತಿ ನನ್ನ ಕಡತದಲ್ಲಿ ಸದಾ ಇರುತ್ತದೆ, ಅದನ್ನು ತೆಗೆದು ತೋರಿಸಬೇಕಾದ ಸಂದರ್ಭಗಳು ಇನ್ನೂ ಬರುತ್ತವೆ.

ಖಾಸಗಿ ಕಂಪನಿಗಳ ದಾರಿಯೇ ಬೇರೆ. ಅಲ್ಲಿ ಮೀಸಲಾತಿಯ ಕಡ್ಡಾಯವಿಲ್ಲ. ಆದರೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯ್ದೆಯ 21ನೇ ಸೆಕ್ಷನ್ ಖಾಸಗಿ ಸಂಸ್ಥೆಗಳಿಗೂ ಹೇಳುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಯಾವ ಹುದ್ದೆಗಳು, ಯಾವ ಸೌಲಭ್ಯಗಳು, ಸಂಪರ್ಕಾಧಿಕಾರಿ ಯಾರು ಎಂಬುದೂ ಇರಬೇಕು. ನಾನು ಕಂಪನಿಗೆ ಬರೆಯುವ ಮೊದಲ ಪತ್ರದಲ್ಲಿ ಕಾಯ್ದೆಯ ಮಾತು ಎತ್ತುವುದಿಲ್ಲ. ಅಭ್ಯರ್ಥಿಗೆ ಏನು ಗೊತ್ತು, ಸಂದರ್ಶನಕ್ಕೆ ಏನು ಬೇಕು, ಅಷ್ಟೇ. ಬೇಕಾದದ್ದರ ಪಟ್ಟಿಯನ್ನು ಅಭ್ಯರ್ಥಿಯೇ ಬರೆಯಬೇಕು, ಸಂದರ್ಶನಕ್ಕೆ ವಾರ ಮೊದಲೇ ಅದು ಹೋಗಬೇಕು.

ಚಾಮರಾಜನಗರ ಜಿಲ್ಲೆಯ ಒಬ್ಬಳು ಹುಡುಗಿ, ಕಿವಿ ಕೇಳುವುದಿಲ್ಲ, ಬಿ.ಕಾಂ. ಮುಗಿಸಿ ನಮ್ಮಲ್ಲಿ ಟ್ಯಾಲಿ, ಜಿಎಸ್‌ಟಿ ಕಲಿತಳು. ಲೆಕ್ಕ ತಾಳೆ ನೋಡುವುದರಲ್ಲಿ ಅವಳಷ್ಟು ಚುರುಕಾದವರನ್ನು ನಾನು ಕಡಿಮೆ ನೋಡಿದ್ದೇನೆ. ಅರ್ಜಿ ಹಾಕಿದ ಕಡೆಯಿಂದೆಲ್ಲ ಉತ್ತರವೇ ಇಲ್ಲ. ಅವಳ ಫೋನ್ ತೆಗೆದು ನೋಡಿದರೆ ಎತ್ತದ ಕರೆಗಳ ಸಾಲು. ಬಯೋಡೇಟಾದಲ್ಲಿ ಮೊಬೈಲ್ ಸಂಖ್ಯೆ ಇತ್ತು, ಕಂಪನಿಯವರು ಕರೆ ಮಾಡಿದ್ದರು, ಎತ್ತದ್ದಕ್ಕೆ ಆಸಕ್ತಿ ಇಲ್ಲವೆಂದು ಬಿಟ್ಟಿದ್ದರು. ಸಂಖ್ಯೆಯ ಪಕ್ಕದಲ್ಲೇ "ನನಗೆ ಕಿವಿ ಕೇಳುವುದಿಲ್ಲ, ದಯವಿಟ್ಟು ವಾಟ್ಸ್‌ಆ್ಯಪ್ ಸಂದೇಶ ಅಥವಾ ಇಮೇಲ್ ಕಳಿಸಿ" ಎಂದು ಸೇರಿಸಿದೆವು. ಅದನ್ನು ಮೊದಲೇ ಹೇಳಿದರೆ ಕರೆಯುವುದೇ ಇಲ್ಲ ಎಂದು ಅವಳ ಅಣ್ಣ ವಾದಿಸಿದ, ತಾನೇ ಕರೆ ಎತ್ತಿ ಮಾತಾಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. "ಕೆಲಸ ಮಾಡುವವಳು ನಾನು, ಅವರು ನನ್ನ ಜೊತೆಗೇ ಮಾತಾಡಲಿ" ಎಂದು ನನ್ನ ಕಡೆ ತಿರುಗಿ ಸನ್ನೆಯಲ್ಲಿ ಹೇಳಿದಳು.

ನಗರದ ಹೊರವಲಯದ ಒಂದು ಕಾರ್ಖಾನೆಯಿಂದ ಸಂದೇಶ ಬಂತು. ಅವಳು ತನ್ನ ಪಟ್ಟಿ ಕಳಿಸಿದಳು: ಸಂಜ್ಞಾ ಭಾಷೆಯ ದುಭಾಷಿ, ಸಾಧ್ಯವಾದರೆ ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆ. ದುಭಾಷಿಗಳು ಮೈಸೂರಿನಲ್ಲೂ ಬೆರಳೆಣಿಕೆಯಷ್ಟೇ, ಅವರ ಬಿಡುವಿಗೆ ಸಂದರ್ಶನದ ಹೊತ್ತನ್ನು ಹೊಂದಿಸಿಕೊಳ್ಳಬೇಕಾಯಿತು. ಕೊಠಡಿಗೆ ಹೋದಾಗ ದುಭಾಷಿಗೆ ಅವಳ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಹಾಗೆ ಕೂತರೆ ಅವಳು ಪ್ರತಿ ಪ್ರಶ್ನೆಗೂ ಅಧಿಕಾರಿಯಿಂದ ಮುಖ ಹೊರಳಿಸಬೇಕು. ಅಧಿಕಾರಿಯ ಪಕ್ಕದಲ್ಲಿ, ಅವಳಿಗೆ ಎದುರಾಗಿ ಕುರ್ಚಿ ಹಾಕಿಸಿದೆವು. ಅಲ್ಲಿ ಹಿಂದೆ ಕಿಟಕಿ, ಬೆಳಕು ಹೊಡೆದು ದುಭಾಷಿಯ ಕೈ ಕಪ್ಪಾಗಿ ಕಾಣುತ್ತಿತ್ತು. ಪರದೆ ಎಳೆಸಿದೆವು. ಇಷ್ಟಕ್ಕೆ ಹಿಡಿದದ್ದು ಎರಡು ಮೂರು ನಿಮಿಷ. ನಾನು ಹೊರಗೆ ಹೊರಟೆ. ಜೊತೆಗೆ ಬಂದ ನಾವು ಒಳಗೆ ಕೂತರೆ ಪ್ರಶ್ನೆಗಳೆಲ್ಲ ನಮ್ಮ ಕಡೆಗೇ ಬರುತ್ತವೆ. ಅಭ್ಯರ್ಥಿ ಗೋಡೆಯ ಚಿತ್ರವಾಗುತ್ತಾರೆ.

ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಅಧಿಕಾರಿ ಮೊದಮೊದಲು ದುಭಾಷಿಯನ್ನು ನೋಡಿ, "ಇವರಿಗೆ ಬ್ಯಾಂಕ್ ಲೆಕ್ಕ ತಾಳೆ ಮಾಡಲು ಬರುತ್ತದೆಯೇ ಕೇಳಿ" ಎಂದರಂತೆ. ದುಭಾಷಿ ಆ ಮಾತನ್ನು, "ಕೇಳಿ" ಎಂಬುದನ್ನೂ ಬಿಡದೆ, ಹಾಗೆಯೇ ಸನ್ನೆ ಮಾಡಿದರು. ಅವಳು ನೇರವಾಗಿ ಅಧಿಕಾರಿಯ ಮುಖ ನೋಡಿ ಉತ್ತರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅವರೂ ಅವಳನ್ನೇ ನೋಡಿ ಮಾತಾಡತೊಡಗಿದರು. ಆಮೇಲೆ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಲೆಜರ್ ಕೊಟ್ಟು ವ್ಯತ್ಯಾಸ ಹುಡುಕಲು ಹೇಳಿದರು. ಜಮೆಯಾಗದೆ ಉಳಿದ ಚೆಕ್ಕುಗಳನ್ನು ಗುರುತಿಸಿದ್ದಲ್ಲದೆ, ಎರಡು ಸಲ ನಮೂದಾಗಿದ್ದ ಬಾಡಿಗೆಯ ಮೊತ್ತವನ್ನೂ ಹಿಡಿದಳು.

ಇದೇ ಹುಡುಗಿ ಹಿಂದೊಂದು ಕಡೆ ಇಂಗ್ಲಿಷ್ ಪ್ರಬಂಧದ ಪರೀಕ್ಷೆಯಲ್ಲಿ ತಿರಸ್ಕೃತಳಾಗಿದ್ದಳು. ಹುಟ್ಟಿನಿಂದ ಕೇಳದವರಲ್ಲಿ ಅನೇಕರಿಗೆ ಸಂಜ್ಞಾ ಭಾಷೆಯೇ ಆಪ್ತ ಭಾಷೆ, ಅದಕ್ಕೆ ಅದರದೇ ವ್ಯಾಕರಣ. ಕನ್ನಡವಾಗಲಿ ಇಂಗ್ಲಿಷ್ ಆಗಲಿ, ಕಿವಿಗೆ ಬೀಳದ ಭಾಷೆಯನ್ನು ಬರೀ ಕಣ್ಣಿನಿಂದ ಕಲಿತವರು ಅವರು. ಬರೆದ ವಾಕ್ಯದಲ್ಲಿ ಕ್ರಿಯಾಪದ ತಪ್ಪಿದರೆ ಲೆಕ್ಕ ಬರುವುದಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ಲೆಕ್ಕದ ಕೆಲಸಕ್ಕೆ ಲೆಕ್ಕವನ್ನೇ ಕೊಟ್ಟು ನೋಡಿ ಎಂದು ನಾನು ಪ್ರತಿ ಕಂಪನಿಗೂ ಬರೆಯುತ್ತೇನೆ, ಬರೆಯುತ್ತಲೇ ಇರುತ್ತೇನೆ.

ಗಾಲಿಕುರ್ಚಿಯ ಅಭ್ಯರ್ಥಿಗಳಿಗಾದರೆ ಹಿಂದಿನ ದಿನವೇ ಸ್ಥಳಕ್ಕೆ ಹೋಗಿ ನೋಡಿ ಬರುತ್ತೇನೆ. ರ‍್ಯಾಂಪ್ ಇದೆ ಎನ್ನುತ್ತಾರೆ. ಹೋಗಿ ನೋಡಿದರೆ ಸಾಮಾನಿನ ಟ್ರಾಲಿ ಏರಿಸಲು ಕಟ್ಟಿದ ಕಡಿದಾದ ಇಳಿಜಾರು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬ ಅಳತೆ ನಿಯಮದಲ್ಲೇ ಇದೆ. ಶೌಚಾಲಯದ ಬಾಗಿಲಿನ ಅಗಲವನ್ನು ಟೇಪಿನಲ್ಲಿ ಅಳೆಯುತ್ತೇನೆ. ಸಂದರ್ಶನ ಮೂರು ಗಂಟೆ ತಡವಾದರೆ ಅಷ್ಟು ಹೊತ್ತು ನೀರು ಕುಡಿಯದೆ ಕೂತ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಮಹಡಿಯ ಸಂದರ್ಶನವನ್ನು ನೆಲಮಹಡಿಗೆ ಇಳಿಸಿ ಎಂದು ಮೊದಲೇ ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ. ಅದೇ ದಿನ ಬಾಗಿಲಲ್ಲಿ ನಿಂತು ಕೇಳಿದರೆ ಎಲ್ಲರಿಗೂ ಮುಜುಗರ.

ಕಣ್ಣಿಗೆ ಕಾಣದ ಅಂಗವೈಕಲ್ಯ ಇರುವವರ ವಿಷಯ ಹೆಚ್ಚು ಸೂಕ್ಷ್ಮ. ಮಾನಸಿಕ ಕಾಯಿಲೆಗೂ ಕಾಯ್ದೆಯಲ್ಲಿ ಜಾಗವಿದೆ, ಮೀಸಲಾತಿಯಲ್ಲಿ ಪಾಲಿದೆ. ಆದರೂ ಔಷಧ ತೆಗೆದುಕೊಳ್ಳುತ್ತೇನೆ ಎಂದು ಅರ್ಜಿಯಲ್ಲಿ ಬರೆಯಲು ಧೈರ್ಯ ಬರುವುದಿಲ್ಲ. ಬರೆಯಿರಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಮೀಸಲಾತಿ ಕೇಳುವುದಾದರೆ ಹೇಳಲೇಬೇಕು. ಕೇಳದಿದ್ದರೆ, ಕೆಲಸಕ್ಕೆ ಸೇರಿದ ಮೇಲೆ ಏನು ಬೇಕಾಗುತ್ತದೆ, ರಾತ್ರಿ ಪಾಳಿ ಆಗುತ್ತದೆಯೇ, ಆಸ್ಪತ್ರೆಗೆ ಹೋಗಲು ತಿಂಗಳಿಗೊಂದು ದಿನ ಬೇಕೇ ಎಂದು ಲೆಕ್ಕ ಹಾಕಿ, ಯಾರಿಗೆ ಎಷ್ಟು ಹೇಳುವುದೆಂದು ಅವರೇ ನಿರ್ಧರಿಸಲಿ. ಆ ನಿರ್ಧಾರ ಏನೇ ಆದರೂ ನನ್ನ ಬಾಯಿಂದ ಒಂದು ಮಾತೂ ಹೊರಗೆ ಹೋಗುವುದಿಲ್ಲ ಎಂಬ ಭರವಸೆಯನ್ನು ಮೊದಲ ಭೇಟಿಯಲ್ಲೇ ಕೊಡುತ್ತೇನೆ.

ಲೆಕ್ಕದ ಹುಡುಗಿಗೆ ಆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸೇರುವ ಮೊದಲೇ ಅವಳು ಇನ್ನೊಂದು ಪಟ್ಟಿ ಕೊಟ್ಟಳು: ಸಭೆಯ ತೀರ್ಮಾನಗಳು ಬರಹದಲ್ಲಿ ಬೇಕು, ಬೆಂಕಿಯ ಎಚ್ಚರಿಕೆಗೆ ಗಂಟೆಯ ಜೊತೆ ಮಿನುಗುವ ದೀಪವೂ ಬೇಕು, ತರಬೇತಿಯ ವಿಡಿಯೊಗಳಿಗೆ ಕೆಳಗೆ ಅಕ್ಷರ ಬೇಕು. ಮೊದಲ ಎರಡು ಆಗಿವೆ. ಮೂರನೆಯದಕ್ಕೆ ಅವಳು ಪ್ರತಿ ವಾರ ಇಮೇಲ್ ಕಳಿಸುತ್ತಿದ್ದಾಳೆ, ಪ್ರತಿಯನ್ನು ನನಗೂ ಹಾಕುತ್ತಾಳೆ.

ಬ್ಯಾಂಕಿನ ಹುಡುಗ ಪೂರ್ವಭಾವಿ ಪರೀಕ್ಷೆ ಪಾಸಾಗಿದ್ದಾನೆ, ಮುಖ್ಯ ಪರೀಕ್ಷೆ ಮುಂದಿದೆ. ಅವನಿಗೆ ಓದಿ ಹೇಳುತ್ತಿದ್ದ ಹುಡುಗಿ ಪಿಯುಸಿ ಮುಗಿಸಿ ಬೆಂಗಳೂರಿನ ಕಾಲೇಜಿಗೆ ಸೇರಿದಳು. ಕೋಷ್ಟಕವನ್ನು ನಿಧಾನವಾಗಿ, ಒಂದೇ ದನಿಯಲ್ಲಿ ಓದಬಲ್ಲ ಇನ್ನೊಬ್ಬರನ್ನು ಹುಡುಕಲು ಈ ವಾರ ಮತ್ತೆ ಪಿಯು ಕಾಲೇಜುಗಳ ಸುತ್ತು ಶುರುಮಾಡಿದ್ದೇವೆ.